ಎತ್ತರದ ಬೊಟ್ಟು

ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆಗೆ ಬಂದಾಗ
ಕೊರಳಲ್ಲಿ ಸ್ಟೆತಸ್ಕೋಪು, ಬಾಯ ತುಂಬ ಉತ್ತರ.
ಡಾಕ್ಟರ್ ನಜೀಮಾ ಖಾನಂ ಕೈಗಿತ್ತದ್ದು
ಒಂದು ಮೊಂಡು ಪೆನ್ಸಿಲ್ಲು.
'ಈ ವಾರ ಏನನ್ನೂ ಸರಿಮಾಡಬೇಡ, ಬರೀ ಎಣಿಸು.
ಬಾಣಂತಿಗೆ ಜ್ವರ ಅಂತ ಬರೆದ ಗಳಿಗೆಯಿಂದ
ಮೊದಲ ಹನಿ ಮದ್ದು ನರಕ್ಕಿಳಿವ ತನಕ
ಎಷ್ಟು ನಿಮಿಷ?'

ಇದಕ್ಕೇನಾ ಐದೂವರೆ ವರ್ಷ ಓದಿದ್ದು?
ಮಂಡಿಯಲ್ಲಿ ಮಾವು ಎಣಿಸುವ ಹುಡುಗನೂ
ಇದಕ್ಕಿಂತ ಗತ್ತಿನಲ್ಲಿರುತ್ತಾನೆ.

ಎಣಿಸಿದೆ. ಮೂವತ್ತೆಂಟು. ನಲವತ್ತೊಂದು.
ಒಂದು ರಾತ್ರಿ ಅರವತ್ತಾರು.
ಉರಿದುಬಿದ್ದೆ. ವಾರ್ಡಿನ ನಟ್ಟನಡುವೆ ನಿಂತು
ಯಾರು ಹೊಣೆ ಇದಕ್ಕೆ, ಯಾರು, ಎಂದು ಕೂಗಿದೆ.
ಸಿಸ್ಟರ್ ಫಿಲೋಮಿನಾ ಮಡಚಿದ ಬಟ್ಟೆಯನ್ನೇ ಮತ್ತೆ ಮಡಚಿದರು.
ಮುನಿವೆಂಕಟಮ್ಮ ಕಸಬರಿಗೆಯ ಬುಡ ಕುಟ್ಟಿದಳು.
ಮರುದಿನದಿಂದ ನನ್ನ ಪುಸ್ತಕದಲ್ಲಿ
ಎಲ್ಲರ ವೇಳೆಯೂ ಚೆಂದ:
ಹತ್ತು, ಹತ್ತು, ಹತ್ತು.

ಮೇಡಂ ನಕ್ಕರು. 'ನಿನ್ನ ಗಂಟಲಿಗೆ ಹೆದರಿ
ಗಡಿಯಾರವೂ ಸುಳ್ಳು ಕಲಿಯಿತು ನೋಡು.
ಯಾರು ಅಂತ ಕೇಳಬೇಡ. ಎಲ್ಲಿ ಅಂತ ಕೇಳು.
ಕೂತು ಕೇಳು, ನಿಂತಲ್ಲ.'

ಕೂತೆ, ಟೀ ಹೊತ್ತಿಗೆ, ಸಲೈನ್ ಪೆಟ್ಟಿಗೆಯ ಮೇಲೆ.
ನಾಲ್ಕನೆಯ ದಿನ ಮುನಿವೆಂಕಟಮ್ಮ ಬಾಯಿಬಿಟ್ಟಳು,
ಅರ್ಧ ಕನ್ನಡ, ಅರ್ಧ ತೆಲುಗು:
'ಬೀರು ಇಲ್ಲಿ, ಬೀಗದ ಕೈ ಅಲ್ಲಿ, ಸಾಮಿ.
ಅಲ್ಲಿ ಅಂದ್ರೆ ಯಾರ ಜೇಬು ಊಟಕ್ಕೆ ಹೋಯ್ತೋ ಅಲ್ಲಿ.
ಹನ್ನೊಂದು ವರ್ಷದಿಂದ ಅದರ ಹಿಂದೆ ಓಡ್ತಿದ್ದೀನಿ.
ನೀವೇ ಮೊದಲು ಕೇಳಿದ್ದು.'

ಒಂದು ಮೊಳೆ ಹೊಡೆದೆವು, ಅಷ್ಟೇ.
(ಅದಕ್ಕೂ ಎರಡು ಅರ್ಜಿ: ಗೋಡೆ ಬೇರೆ ಇಲಾಖೆಯದು,
ಮೊಳೆ ಮಾತ್ರ ನಮ್ಮದು, ಎಂದ ಗುಮಾಸ್ತ.)
ಹಾಲಿನ ಡೇರಿಯ ಹಳೇ ಕ್ಯಾಲೆಂಡರ್ ಮಗುಚಿ
ಬೆನ್ನ ಮೇಲೆ ಗೆರೆ ಎಳೆದೆ. ಗುರುತಿಗೆ
ಮುನಿವೆಂಕಟಮ್ಮ ಸೊಂಟದ ಚೀಲದಿಂದ
ಸ್ಟಿಕ್ಕರ್ ಬೊಟ್ಟಿನ ಹಾಳೆ ತೆಗೆದಳು.
ಒಂದು ಜ್ವರಕ್ಕೆ ಒಂದು ಬೊಟ್ಟು.
ಮೂವತ್ತು, ಇಪ್ಪತ್ತಾರು, ಹದಿನೆಂಟು,
ಮೆಟ್ಟಿಲಿಳಿವ ಮಕ್ಕಳ ಹಾಗೆ,
ಒಂದು ತಡವರಿಸಿ, ಒಂದು ಹಿಂದಕ್ಕೆ ಹತ್ತಿ,
ಮತ್ತೆ ಇಳಿದು.

ಆಮೇಲೆ ಆ ಗುರುವಾರ.
ಮೂರನೇ ಹಾಸಿಗೆ, ರೋಣೂರಿನ ಹುಡುಗಿ.
ಹಲ್ಲು ಕಟಕಟ, ಮೈ ಕೆಂಡ.
ನಾನು ಬರೆದೆ, ಸಿಸ್ಟರ್ ಓಡಿದರು, ಮೊಳೆ ಬೋಳು.
ಮೇಜಿನಡಿ ಹುಡುಕಿದೆವು, ಹೆರಿಗೆ ಕೋಣೆಯಲ್ಲಿ,
ಒಗೆಯಲು ಹಾಕಿದ ಬಟ್ಟೆಯ ಗಂಟಿನಲ್ಲಿ.
ಎಲ್ಲರಿಗಿಂತ ಜೋರಾಗಿ ನಾನೇ ಹುಡುಕುತ್ತಿದ್ದೆ.
ಬಗ್ಗಿದಾಗ ತೊಡೆಗೆ ಏನೋ ಚುಚ್ಚಿತು.
ನನ್ನದೇ ಕೋಟು.

ಹುಡುಗಿ ಉಳಿದಳು. ಬೆಳಿಗ್ಗೆ ಕೂಸಿಗೆ ಹಾಲೂಡುತ್ತ
ನನ್ನ ಕಂಡು ನಕ್ಕಳು, ಏನೂ ಅರಿಯದೆ.
೫೨ ನಿಮಿಷ.
ಪೆನ್ಸಿಲ್ಲು ನನ್ನದು, ರಬ್ಬರೂ ನನ್ನದು,
ಐದನ್ನು ಒಂದು ಮಾಡಲು ಎಷ್ಟು ಹೊತ್ತು?
ಮುನಿವೆಂಕಟಮ್ಮ ಬೊಟ್ಟಿನ ಹಾಳೆ ಹಿಡಿದು ನಿಂತಿದ್ದಳು.
ನೆಲ ಒರೆಸಿಯಾಗಿತ್ತು. ಹೋಗಲಿಲ್ಲ.

ಸ್ಟೂಲು ಹತ್ತಿ ಅಂಟಿಸಿದೆ, ಎಲ್ಲಕ್ಕಿಂತ ಮೇಲೆ.
ಪಕ್ಕದಲ್ಲಿ ಬರೆದೆ: ಬೀಗದ ಕೈ ನನ್ನ ಜೇಬಿನಲ್ಲಿತ್ತು.
ಮೊದಲ ಹೊಲಿಗೆ ಹಾಕಿದ ದಿನವೂ
ಕೈ ಇಷ್ಟು ನಡುಗಿರಲಿಲ್ಲ.

ಮೇಡಂ ರೌಂಡ್ಸಿಗೆ ಬಂದು ಓದಿದರು,
ಮುಂದಿನ ಹಾಸಿಗೆಗೆ ನಡೆದರು.
ಸಂಜೆ ಸಿಸ್ಟರ್ ಫಿಲೋಮಿನಾ ಬಾಗಿಲಲ್ಲಿ ನಿಂತು,
'ಸರ್, ಮೊನ್ನೆಯ ಹದಿನಾಲ್ಕು ಇದೆಯಲ್ಲ,
ಅದು ಹದಿನಾಲ್ಕಲ್ಲ' ಎಂದರು.

ಈಗ ಬೀಗದ ಕೈಗೆ
ಮಾವಿನ ಪೆಟ್ಟಿಗೆಯ ಹಲಗೆ ತುಂಡು ಕಟ್ಟಿದೆ,
ಯಾವ ಜೇಬಿಗೂ ಹಿಡಿಸದ್ದು.
ಬೇಸಿಗೆಗೆ ಅಂಟು ಬಿಟ್ಟು ಬೊಟ್ಟುಗಳು ಉದುರುತ್ತವೆ.
ಗುಡಿಸುವಾಗ ಮುನಿವೆಂಕಟಮ್ಮ ಒಂದನ್ನು ಆಯ್ದು
'ಇದು ನಿಮ್ದು' ಎಂದು ಅಂಗೈಗಿಡುತ್ತಾಳೆ.
ಎಲ್ಲವೂ ಒಂದೇ ಕೆಂಪು.
ಹೇಗೆ ಗೊತ್ತು ಎಂದು ಕೇಳಿಲ್ಲ,
ಸ್ಟೂಲು ಎಳೆದುಕೊಳ್ಳುತ್ತೇನೆ.